ದುಡಿಯುವವರ ಆಟ: ಚೆನ್ನೆಮಣೆಯಿಂದ ಮೊಬೈಲ್‌ವರೆಗೆ

"ಮದುವೆಯಾಗಿದೆ, ಕೈಯಲ್ಲಿ ಕೆಲಸ ಇದೆ, ಇನ್ನೂ ಮೊಬೈಲಲ್ಲಿ ಗೇಮ್ ಆಡ್ತಾ ಕೂತಿದೀಯಲ್ಲ, ನಾಚಿಕೆ ಆಗಲ್ವಾ?" ಈ ಮಾತು ಕೇಳಿಬರದ ಮನೆ ಈಗ ಕಡಿಮೆ. ಅಮ್ಮ ಮಗನಿಗೆ ಹೇಳುತ್ತಾಳೆ, ಹೆಂಡತಿ ಗಂಡನಿಗೆ ಹೇಳುತ್ತಾಳೆ. ಗೆಳೆಯರ ನಡುವೆ ಇದೇ ಮಾತು ತಮಾಷೆಯಾಗಿ ಬರುತ್ತದೆ. ಆಡುವವನ ಬಾಯಲ್ಲೂ ಒಂದು ಸಿದ್ಧ ಉತ್ತರ ಇರುತ್ತದೆ: "ದುಡಿದು ಬಂದಿದ್ದೀನಿ, ನನ್ನ ಟೈಮು, ನನ್ನಿಷ್ಟ."

ಆಟ ಅಂದರೆ ಮಕ್ಕಳದ್ದು, ದುಡಿಯುವವರಿಗೆ ತಕ್ಕದ್ದಲ್ಲ ಅನ್ನುವುದು ಒಂದು ಕಡೆಯ ವಾದ. ಬಿಡುವಿನ ಸಮಯ ಪೂರ್ತಿ ನನ್ನದೇ, ಯಾರೂ ಕೇಳುವ ಹಾಗಿಲ್ಲ ಅನ್ನುವುದು ಇನ್ನೊಂದು ಕಡೆಯದು. ಸ್ವಲ್ಪ ಹಿಂದಕ್ಕೆ ಹೋಗಿ ನೋಡಿದರೆ ಎರಡೂ ವಾದ ನಿಲ್ಲುವುದಿಲ್ಲ ಎಂದು ನಮಗೆ ಅನಿಸುತ್ತದೆ. ಹಾಗಾಗಿ ಈ ಬರಹದಲ್ಲಿ ಆಟದ ಚರಿತ್ರೆಯನ್ನು ದುಡಿಯುವವರ ಕಡೆಯಿಂದ ನೋಡುವ ಪ್ರಯತ್ನ ಮಾಡಿದ್ದೇವೆ.

ಹಿರಿಯರೂ ಆಡುತ್ತಿದ್ದರು

ಹಂಪಿಗೆ ಹೋದವರು ಮುಂದಿನ ಸಲ ತಲೆ ಎತ್ತಿ ಕಂಬ ನೋಡುವುದರ ಜೊತೆಗೆ ತಲೆ ತಗ್ಗಿಸಿ ನೆಲವನ್ನೂ ನೋಡಬೇಕು. ಮಂಟಪಗಳ ಹಾಸುಗಲ್ಲಿನ ಮೇಲೆ ಅಲ್ಲಲ್ಲಿ ಆಟದ ಮನೆಗಳನ್ನು ಕೊರೆದಿದ್ದಾರೆ. ಕಲ್ಲಿನಲ್ಲಿ ಮನೆ ಕೊರೆಯುವುದು ಚಿಕ್ಕ ಮಕ್ಕಳ ಕೈಯಲ್ಲಿ ಆಗುವ ಕೆಲಸವಲ್ಲ. ಉಳಿ ಹಿಡಿದ ಕೈ, ದೊಡ್ಡವರದೇ ಕೈ, ಅದನ್ನು ಕೊರೆದಿರಬೇಕು.

ಅರಮನೆಯ ಕಡೆ ನೋಡಿದರೂ ಅಷ್ಟೇ. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಬರೆಸಿದ. ಅದು ರಾಜನಾದವನು ತಿಳಿದಿರಬೇಕಾದ್ದನ್ನೆಲ್ಲ ಒಟ್ಟುಮಾಡಿದ ಗ್ರಂಥ. ಐದು ಭಾಗ, ಒಂದೊಂದರಲ್ಲಿ 20 ಅಧ್ಯಾಯ. ರಾಜ್ಯ ಗಳಿಸುವುದು, ಉಳಿಸಿಕೊಳ್ಳುವುದು ಇವಕ್ಕೆ ಎರಡು ಭಾಗ. ವಿನೋದ ಮತ್ತು ಕ್ರೀಡೆಗೂ ಎರಡು ಭಾಗ. ಆಳುವ ಕೆಲಸಕ್ಕೆ ಎಷ್ಟು ಜಾಗವೋ ಆಟಪಾಟಕ್ಕೂ ಅಷ್ಟೇ ಜಾಗ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಂತೂ ಆಟಗಳನ್ನು ಆಡಿದ್ದಷ್ಟೇ ಅಲ್ಲ, ಹೊಸದಾಗಿ ಕಟ್ಟಿದವರು. ಅವರ 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ 'ಕೌತುಕನಿಧಿ' ಮೀಸಲಾಗಿರುವುದು ಆಟಗಳಿಗೆ.

ರಾಜರಿಗೆ ಬಿಡುವಿತ್ತು, ಆಡಿದರು ಅನ್ನಬಹುದು. ಆದರೆ ಬಿಡುವಿಲ್ಲದವರೂ ಆಡಿದರು. ಊರಿನ ಅರಳಿಕಟ್ಟೆಯ ಮೇಲೆ ಹುಲಿ-ಕುರಿ ಆಟ, ಮನೆಯ ಪಡಸಾಲೆಯಲ್ಲಿ ಸೀಮೆಸುಣ್ಣದ ಗೆರೆ ಎಳೆದು ಚೌಕಾಬಾರ, ಕವಡೆ ಇಲ್ಲದಿದ್ದರೆ ಹುಣಸೆ ಬೀಜವನ್ನು ಒಂದು ಬದಿ ತೇಯ್ದು ಮಾಡಿಕೊಂಡ ದಾಳ. ಬಯಲುಸೀಮೆಯ ಅಳಗುಳಿಮನೆ, ತುಳುನಾಡಿನ ಚೆನ್ನೆಮಣೆ. ಇವನ್ನು ಆಡಿದವರು ಗದ್ದೆಯಲ್ಲಿ ಸೊಂಟ ಬಗ್ಗಿಸಿ ದುಡಿದ ಗಂಡಸರು, ಹೆಂಗಸರು.

ಚೆನ್ನೆಮಣೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಒಂದು ಮರದ ಮಣೆ, ಎರಡು ಸಾಲಿನಲ್ಲಿ ಏಳೇಳರಂತೆ 14 ಗುಳಿ, ಗುಳಿಗೆ ನಾಲ್ಕರಂತೆ ಬೀಜ. ಒಂದು ಗುಳಿಯ ಬೀಜ ಎತ್ತಿ ಮುಂದಿನ ಗುಳಿಗಳಲ್ಲಿ ಒಂದೊಂದಾಗಿ ಬಿತ್ತುತ್ತ ಹೋಗಬೇಕು. ಬಿತ್ತುವುದು, ಕೊಯ್ಯುವುದು, ಎದುರಿನವರ ಕಣಜ ಬರಿದಾಗುವುದು, ಹೀಗೆ ಬೇಸಾಯದ ಲೆಕ್ಕವೇ ಆಟದೊಳಗೆ ಬಂದಿದೆ. ಇದನ್ನು ಮುಖ್ಯವಾಗಿ ಆಡುತ್ತಿದ್ದದ್ದು ಆಟಿ ತಿಂಗಳಲ್ಲಿ. ಹೊರಗೆ ಎಡೆಬಿಡದ ಮಳೆ, ಗದ್ದೆಯ ಕೆಲಸ ಒಂದು ಹಂತಕ್ಕೆ ಮುಗಿದಿರುವ ಕಾಲ. ಆ ಕಾಲ ಕಳೆದ ಮೇಲೆ ಮಣೆಯನ್ನು ಅಟ್ಟಕ್ಕೇರಿಸುತ್ತಿದ್ದರು. ಬೇರೆ ಹೊತ್ತಿನಲ್ಲಿ ಆಡುವುದು ಒಳ್ಳೆಯದಲ್ಲ ಎಂಬ ನಂಬಿಕೆ ಇತ್ತು.

ಇದೇ ಆಟದ ಸುತ್ತ ಒಂದು ಎಚ್ಚರಿಕೆಯ ಕತೆಯೂ ಇದೆ. ಸಿರಿ ಪಾಡ್ದನದಲ್ಲಿ ಅಬ್ಬಗ-ದಾರಗ ಎಂಬ ಅವಳಿ ಅಕ್ಕತಂಗಿಯರು ಚೆನ್ನೆ ಆಡುತ್ತ ಆಡುತ್ತ ಜಗಳಕ್ಕೆ ಬೀಳುತ್ತಾರೆ. ಒಬ್ಬಳು ಸಿಟ್ಟಿನಲ್ಲಿ ಆ ಮಣೆಯಿಂದಲೇ ಇನ್ನೊಬ್ಬಳನ್ನು ಹೊಡೆದು ಸಾಯಿಸುತ್ತಾಳೆ, ಆಮೇಲೆ ತಾನೂ ಬಾವಿಗೆ ಹಾರುತ್ತಾಳೆ. ಒಡಹುಟ್ಟಿದ ಹೆಣ್ಣುಮಕ್ಕಳು ಎದುರುಬದುರು ಕೂತು ಚೆನ್ನೆ ಆಡಬಾರದು ಎಂಬ ಕಟ್ಟಳೆಗೆ ಜನ ಈ ಕತೆಯನ್ನೇ ಕಾರಣವಾಗಿ ಹೇಳುತ್ತಾರೆ. ಯುಗಾದಿಯ ಇಸ್ಪೀಟು ಕೂಡ ಇಂಥದ್ದೇ. ಹಳೇ ಮೈಸೂರಿನ ಎಷ್ಟೋ ಊರುಗಳಲ್ಲಿ ಹಬ್ಬದ ಒಂದೆರಡು ದಿನ ಕಾಸಿಟ್ಟು ಆಡುವುದನ್ನು ಹಿರಿಯರು ಕಂಡೂ ಕಾಣದಂತೆ ಬಿಡುತ್ತಿದ್ದರು. ವರ್ಷವಿಡೀ ಆಡಿದವನಿಗೆ ಮಾತ್ರ ಅದೇ ಊರಿನಲ್ಲಿ ಜೂಜುಕೋರ ಎಂಬ ಹೆಸರು ಬರುತ್ತಿತ್ತು, ಹೆಣ್ಣು ಕೊಡುವವರು ಹಿಂದೆ ಮುಂದೆ ನೋಡುತ್ತಿದ್ದರು.

ಆಟದಲ್ಲಿ ಅಪಾಯ ಇದೆ ಎಂದು ನಮ್ಮ ಹಿಂದಿನವರಿಗೆ ಗೊತ್ತಿತ್ತು. ಪಗಡೆಯಲ್ಲಿ ಎಲ್ಲವನ್ನೂ ಕಳೆದುಕೊಂಡ ಧರ್ಮರಾಯನ ಕತೆ ಕೇಳಿ ಬೆಳೆದ ಜನ ಅವರು. ಆದರೂ ಅವರು ದೊಡ್ಡವರ ಆಟವನ್ನು ನಿಲ್ಲಿಸಲಿಲ್ಲ. ಇಂಥ ತಿಂಗಳು, ಇಂಥ ಜಾಗ, ಇಂಥವರ ಜೊತೆ ಎಂದು ಸುತ್ತ ಒಂದು ಬೇಲಿ ಹಾಕಿದರು.

ಆಟದ ಹೊತ್ತಿಗಾಗಿ ಹೋರಾಟ

ಬೇಸಾಯದ ಕೆಲಸಕ್ಕೆ ಮಳೆ-ಬಿಸಿಲಿನ ಲೆಕ್ಕ. ಕಾರ್ಖಾನೆ ಬಂದ ಮೇಲೆ ಗಡಿಯಾರದ ಲೆಕ್ಕ ಶುರುವಾಯಿತು. ಗಿರಣಿಗೆ ಆಟಿ ತಿಂಗಳೂ ಇಲ್ಲ, ಸುಗ್ಗಿಯೂ ಇಲ್ಲ. ದೀಪ ಇರುವವರೆಗೆ ದುಡಿಸಬಹುದು. ಆಗ ಬಿಡುವು ತಾನಾಗಿ ಸಿಗದೆ, ಹೋರಾಡಿ ಪಡೆಯಬೇಕಾದ ವಸ್ತುವಾಯಿತು.

ಬ್ರಿಟನ್ನಿನ ರಾಬರ್ಟ್ ಓವೆನ್ 19ನೆಯ ಶತಮಾನದ ಆರಂಭದಲ್ಲಿ ದಿನವನ್ನು ಮೂರು ಪಾಲು ಮಾಡುವ ಮಾತನ್ನು ಮುಂದಿಟ್ಟ: ಎಂಟು ಗಂಟೆ ದುಡಿಮೆ, ಎಂಟು ಗಂಟೆ ವಿನೋದ, ಎಂಟು ಗಂಟೆ ನಿದ್ದೆ. ನಡುವಿನ ಪಾಲು ವಿನೋದಕ್ಕೆ ಎಂಬುದನ್ನು ಗಮನಿಸಬೇಕು. 1856ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್‌ನಲ್ಲಿ ಕಲ್ಲುಕುಟಿಗರು ಕೆಲಸ ಬಿಟ್ಟು ಮೆರವಣಿಗೆ ಹೊರಟು ಎಂಟು ಗಂಟೆಯ ದಿನವನ್ನು ಗೆದ್ದುಕೊಂಡರು. ನಮ್ಮಲ್ಲಿ ನಾರಾಯಣ ಮೇಘಾಜಿ ಲೋಖಂಡೆಯವರು ಮುಂಬಯಿಯ ಗಿರಣಿ ಕಾರ್ಮಿಕರನ್ನು ಕಟ್ಟಿಕೊಂಡು ವರ್ಷಗಟ್ಟಲೆ ಹೋರಾಡಿದ ಫಲವಾಗಿ 1890ರಲ್ಲಿ ಭಾನುವಾರದ ರಜೆ ಸಿಕ್ಕಿತು. ಡಾ. ಬಿ.ಆರ್. ಅಂಬೇಡ್ಕರ್ ಅವರು ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಳ್ಳುತ್ತಿದ್ದಾಗ ಕೆಲಸದ ಅವಧಿಯನ್ನು ವಾರಕ್ಕೆ 48 ಗಂಟೆಗೆ ಇಳಿಸುವ ಮಸೂದೆ ಬಂತು. 1948ರ ಕಾರ್ಖಾನೆ ಕಾಯ್ದೆ ಅದನ್ನು ಗಟ್ಟಿ ಮಾಡಿತು.

ದುಡಿದು ಬಂದವನೊಬ್ಬ ಸಂಜೆ ಅರ್ಧ ಗಂಟೆ ಆಡುತ್ತಾನೆ ಎಂದರೆ ಆ ಅರ್ಧ ಗಂಟೆಯ ಹಿಂದೆ ಇಷ್ಟು ಜನರ ಹೋರಾಟ ಇದೆ. ಇದನ್ನು ಮರೆತು "ಆಡೋದು ಬಿಟ್ಟು ಇನ್ನೆರಡು ಗಂಟೆ ದುಡಿ" ಎಂದು ಬುದ್ಧಿ ಹೇಳುವುದು ಸುಲಭ. 2023ರಲ್ಲಿ ದೊಡ್ಡ ಉದ್ಯಮಿಯೊಬ್ಬರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. 2024ರ ಜುಲೈನಲ್ಲಿ ನಮ್ಮ ರಾಜ್ಯದಲ್ಲೇ ಐಟಿ ನೌಕರರ ಕೆಲಸವನ್ನು ದಿನಕ್ಕೆ 14 ಗಂಟೆವರೆಗೆ ಹಿಗ್ಗಿಸುವ ಪ್ರಸ್ತಾವ ಬಂತು, ನೌಕರರ ಸಂಘ ಬೀದಿಗಿಳಿಯಿತು. 14 ಗಂಟೆ ಕೆಲಸ, ಹೋಗಿಬರಲು ಎರಡು ಗಂಟೆ, ಊಟ-ಸ್ನಾನ ಎಂದು ಕಳೆಯುತ್ತ ಹೋದರೆ ಮಿಕ್ಕಿದ್ದು ನಿದ್ದೆಗೇ ಸಾಲದು.

ವಿಡಿಯೊ ಗೇಮ್ ಹುಟ್ಟಿದ್ದು ಮಕ್ಕಳಿಗಾಗಿ ಅಲ್ಲ

ಈಗ ವಿಡಿಯೊ ಗೇಮ್ ಕಡೆಗೆ ಬರೋಣ. ಇದು ಮಕ್ಕಳ ಆಟಿಕೆಯಾಗಿ ಹುಟ್ಟಿತು ಎಂದು ಬಹಳ ಮಂದಿ ತಿಳಿದಿದ್ದಾರೆ. ದಾಖಲೆ ಹೇಳುವುದು ಬೇರೆ.

1958ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ವಿಲಿಯಂ ಹಿಗಿನ್‌ಬಾಥಮ್ ಎಂಬ ವಿಜ್ಞಾನಿ ಇದ್ದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಣುಬಾಂಬ್ ಯೋಜನೆಯಲ್ಲಿ ಕೆಲಸ ಮಾಡಿದವರು, ಆಮೇಲೆ ಅಣ್ವಸ್ತ್ರ ನಿಯಂತ್ರಣಕ್ಕಾಗಿ ದನಿ ಎತ್ತಿದವರು. ಪ್ರಯೋಗಾಲಯ ನೋಡಲು ಬರುವ ಸಾರ್ವಜನಿಕರಿಗೆ ಬೇಸರವಾಗದಿರಲಿ ಎಂದು ಅವರು ಆಸಿಲೊಸ್ಕೋಪಿನ ಪುಟ್ಟ ಪರದೆಯ ಮೇಲೆ ಇಬ್ಬರು ಟೆನಿಸ್ ಆಡುವ ಆಟ ಮಾಡಿದರು. 1962ರಲ್ಲಿ ಎಂಐಟಿಯಲ್ಲಿ ಸ್ಟೀವ್ ರಸೆಲ್ ಮತ್ತು ಗೆಳೆಯರು ಪಿಡಿಪಿ-1 ಎಂಬ ದುಬಾರಿ ಕಂಪ್ಯೂಟರಿನ ಮೇಲೆ 'ಸ್ಪೇಸ್‌ವಾರ್' ಕಟ್ಟಿದರು. ಎರಡೂ ಸಲ ಆಟ ಹುಟ್ಟಿದ್ದು ಕೆಲಸದ ಜಾಗದಲ್ಲಿ, ಕೆಲಸದ ಯಂತ್ರದ ಮೇಲೆ.

1972ರಲ್ಲಿ ಅಟಾರಿ ಕಂಪನಿಯ 'ಪಾಂಗ್' ಮೊದಲು ಜನರ ಮುಂದೆ ಬಂದದ್ದು ಕ್ಯಾಲಿಫೋರ್ನಿಯದ ಸನ್ನಿವೇಲ್‌ನ ಒಂದು ಬಾರಿನಲ್ಲಿ. ಇವತ್ತು ಎಷ್ಟೋ ಕನ್ನಡಿಗರು ಮನೆ ಮಾಡಿಕೊಂಡಿರುವ ಊರು ಅದು. ಯಂತ್ರ ಕೆಟ್ಟಿದೆ ಎಂದು ಕೆಲವೇ ದಿನಗಳಲ್ಲಿ ದೂರು ಬಂತಂತೆ. ತೆರೆದು ನೋಡಿದರೆ ಚಿಲ್ಲರೆ ಬೀಳುವ ಡಬ್ಬಿ ತುಂಬಿ ತುಳುಕುತ್ತಿತ್ತು. ಆ ಚಿಲ್ಲರೆ ಹಾಕಿದವರು ಕೆಲಸ ಮುಗಿಸಿ ಬೀರು ಕುಡಿಯಲು ಬಂದ ದೊಡ್ಡವರು. 1978ರಲ್ಲಿ ಜಪಾನಿನಲ್ಲಿ 'ಸ್ಪೇಸ್ ಇನ್ವೇಡರ್ಸ್' ಬಂದಾಗಲೂ ಕಾಫಿ ಅಂಗಡಿಯ ಮೇಜುಗಳೊಳಗೇ ಆ ಯಂತ್ರ ಅಳವಡಿಸಿದರು. ಕೋಟು-ಟೈ ಹಾಕಿದ ನೌಕರರು ತಲೆ ಬಗ್ಗಿಸಿ ಆಡುತ್ತಿದ್ದರು.

ಹಾಗಾದರೆ ಇದು ಮಕ್ಕಳ ವಸ್ತು ಆದದ್ದು ಯಾವಾಗ? 1983ರಲ್ಲಿ ಅಮೆರಿಕದ ವಿಡಿಯೊ ಗೇಮ್ ಮಾರುಕಟ್ಟೆ ಕುಸಿಯಿತು. ಕಳಪೆ ಆಟಗಳು ರಾಶಿ ಬಿದ್ದು ಅಂಗಡಿಯವರು ಆ ಸರಕನ್ನೇ ಬೇಡ ಎಂದರು. ಅದೇ ವರ್ಷ ಜಪಾನಿನಲ್ಲಿ ನಿಂಟೆಂಡೊ ತನ್ನ 'ಫ್ಯಾಮಿಲಿ ಕಂಪ್ಯೂಟರ್' ತಂದಿತ್ತು. 1985ರಲ್ಲಿ ಅದನ್ನು ಅಮೆರಿಕಕ್ಕೆ ಒಯ್ಯುವಾಗ ಅಂಗಡಿಯವರ ಹೆದರಿಕೆ ಕಳೆಯಲು ಜೊತೆಗೊಂದು ಪುಟ್ಟ ರೋಬಾಟ್ ಇಟ್ಟು ಆಟಿಕೆ ಎಂದೇ ಮಾರಿದರು. ಆಟ ಬಾರಿನಿಂದ ಎದ್ದು ಆಟಿಕೆ ಅಂಗಡಿಯ ಸಾಲಿಗೆ ಬಂದದ್ದು ಹೀಗೆ, ವ್ಯಾಪಾರದ ಕಾರಣಕ್ಕೆ.

ನಮ್ಮೂರುಗಳಿಗೆ ತಲುಪಿದ್ದು ಈ ಆಟಿಕೆಯ ನಕಲು. 90ರ ದಶಕದಲ್ಲಿ ಟಿವಿಗೆ ಸಿಕ್ಕಿಸುವ ಆ ಡಬ್ಬಿ, ಹಳದಿ ಕ್ಯಾಸೆಟ್ಟು, ಅದರ ಮೇಲೆ ಸಾವಿರಾರು ಆಟ ಇದೆ ಎಂಬ ಸುಳ್ಳು, ಒಳಗೆ ತಿರುಗಿ ತಿರುಗಿ ಬರುವ ಅದೇ ಮಾರಿಯೊ, ಅದೇ ಕಾಂಟ್ರಾ. ಬೇಸಿಗೆ ರಜೆಯಲ್ಲಿ ಮಾತ್ರ ಹೊರಬರುತ್ತಿದ್ದ ಸಾಮಾನು. ಆದ್ದರಿಂದ ನಮ್ಮ ತಂದೆತಾಯಿಯರ ಮನಸ್ಸಿನಲ್ಲಿ ವಿಡಿಯೊ ಗೇಮ್ ಎಂದರೆ ಮಕ್ಕಳು, ರಜೆ, ಓದು ಹಾಳು ಎಂದೇ ಅಚ್ಚೊತ್ತಿತು. "ಇಷ್ಟು ದೊಡ್ಡವನಾಗಿ..." ಎಂಬ ಮಾತಿನ ಬೇರು ಇಲ್ಲಿದೆ. ಅದಕ್ಕೆ ಹೆಚ್ಚೆಂದರೆ ಮೂವತ್ತು-ನಲವತ್ತು ವರ್ಷದ ವಯಸ್ಸು.

ಆಫೀಸಿನೊಳಗೆ ಕದ್ದು ಆಡಿದ ಕಾಲ

ಅತ್ತ ಆಟಿಕೆ ಅಂಗಡಿಯಲ್ಲಿ ಮಾರಾಟ ನಡೆಯುತ್ತಿದ್ದಾಗ ಇತ್ತ ದೊಡ್ಡವರು ಕಚೇರಿಯಲ್ಲಿ ಆಡುತ್ತಲೇ ಇದ್ದರು. 1984ರಲ್ಲಿ ಮಾಸ್ಕೋದ ಸೋವಿಯತ್ ವಿಜ್ಞಾನ ಅಕಾಡೆಮಿಯ ಕಂಪ್ಯೂಟರ್ ಕೇಂದ್ರದಲ್ಲಿ ಅಲೆಕ್ಸಿ ಪಾಜಿತ್ನೊವ್ 'ಟೆಟ್ರಿಸ್' ಬರೆದರು. ಮೇಲಿಂದ ಬೀಳುವ ತುಂಡುಗಳನ್ನು ಸಾಲಾಗಿ ಜೋಡಿಸುವ ಆಟ. ಅಂಗಡಿಯಿಲ್ಲದೆ, ಜಾಹೀರಾತಿಲ್ಲದೆ, ಫ್ಲಾಪಿಯಿಂದ ಫ್ಲಾಪಿಗೆ ನಕಲಾಗುತ್ತ ಅದು ಮಾಸ್ಕೋದ ಕಚೇರಿಗಳನ್ನೆಲ್ಲ ತುಂಬಿತು.

ಅದೇ ದಶಕದಲ್ಲಿ ಅಮೆರಿಕದ ಕಂಪ್ಯೂಟರ್ ಆಟಗಳಲ್ಲಿ 'ಬಾಸ್ ಕೀ' ಎಂಬ ಒಂದು ಗುಂಡಿ ಇರುತ್ತಿತ್ತು. ಮೇಲಧಿಕಾರಿ ಬಂದರೆ ಅದನ್ನು ಒತ್ತಿದರೆ ಸಾಕು, ಆಟ ಮರೆಯಾಗಿ ಲೆಕ್ಕಪತ್ರದ ಪುಟ ಕಾಣಿಸುತ್ತಿತ್ತು. 1990ರಲ್ಲಿ ವಿಂಡೋಸ್ 3.0 ಜೊತೆ ಇಸ್ಪೀಟಿನ 'ಸಾಲಿಟೇರ್' ಬಂತು. ಬರೆದವರು ಮೈಕ್ರೋಸಾಫ್ಟ್‌ನಲ್ಲಿ ಇಂಟರ್ನ್ ಆಗಿದ್ದ ವೆಸ್ ಚೆರಿ. ಆ ಆಟಕ್ಕಾಗಿ ಅವರಿಗೆ ಪ್ರತ್ಯೇಕವಾಗಿ ಕಾಸು ಸಿಗಲಿಲ್ಲ. ಮೌಸ್ ಹಿಡಿದು ಎಳೆದು ಬಿಡುವುದನ್ನು ಜನರಿಗೆ ರೂಢಿ ಮಾಡಿಸಲು ಈ ಆಟ ಬಹಳ ನೆರವಾಯಿತು. ನಮ್ಮ ತಾಲೂಕು ಕಚೇರಿ, ಬ್ಯಾಂಕುಗಳಿಗೆ ಕಂಪ್ಯೂಟರ್ ಬಂದ ಹೊಸದರಲ್ಲೂ ಎಷ್ಟೋ ಗುಮಾಸ್ತರ ಮೊದಲ ಗುರು ಈ ಎಲೆಗಳೇ. 2006ರಲ್ಲಿ ಮಾತ್ರ ನ್ಯೂಯಾರ್ಕ್ ಮೇಯರ್ ಮೈಕೆಲ್ ಬ್ಲೂಮ್‌ಬರ್ಗ್ ಕಚೇರಿ ನೋಡಲು ಹೋದಾಗ ನೌಕರನೊಬ್ಬನ ಪರದೆಯ ಮೇಲೆ ಸಾಲಿಟೇರ್ ಕಂಡು ಅವನನ್ನು ಕೆಲಸದಿಂದಲೇ ತೆಗೆಸಿದರು.

ಕೆಲಸದ ಹೊತ್ತಿನಲ್ಲಿ ಆಡುವುದನ್ನು ನಾವು ಸಮರ್ಥಿಸುತ್ತಿಲ್ಲ. ಕೌಂಟರಿನ ಆಚೆ ಪಹಣಿಗಾಗಿ ಜನ ಸಾಲು ನಿಂತಿರುವಾಗ ಒಳಗೆ ಎಲೆ ಜೋಡಿಸುತ್ತ ಕೂತರೆ ಅದು ಆಟವಲ್ಲ, ಮೈಗಳ್ಳತನ. ಆದರೆ ಆ ಕಾಲದ ಆಟಗಳ ಒಂದು ಗುಣ ನೋಡಿ: ಎಲೆ ಮುಗಿದರೆ ಸಾಲಿಟೇರ್ ಮುಗಿಯಿತು, ಸಾಲು ತುಂಬಿ ಮೇಲಕ್ಕೆ ಮುಟ್ಟಿದರೆ ಟೆಟ್ರಿಸ್ ಮುಗಿಯಿತು. 1997ರಲ್ಲಿ ನೋಕಿಯಾ 6110ಗೆ ಬಂದ ಹಾವಿನ ಆಟವೂ ಹಾಗೇ. ಆಮೇಲೆ ಟಾರ್ಚ್ ಇರುವ ನೋಕಿಯಾ 1100 ಹಳ್ಳಿಹಳ್ಳಿಗೆ ಬಂದಾಗ, ರಾತ್ರಿ ಮೂರು ಫೇಸ್ ಕರೆಂಟಿಗೆ ಕಾಯುತ್ತ ಪಂಪ್‌ಸೆಟ್ ಮನೆಯಲ್ಲಿ ಕೂತ ರೈತನಿಗೂ ಅದೇ ಹಾವು ಜೊತೆಯಾಯಿತು. ಹಾವು ತನ್ನ ಬಾಲ ಕಚ್ಚಿದರೆ ಆಟ ಮುಗಿಯಿತು. ಕರೆಂಟ್ ಬಂತು, ಫೋನು ಜೇಬಿಗೆ ಹೋಯಿತು.

ಮುಗಿಯದ ಆಟಗಳು

2009ರಲ್ಲಿ ಫೇಸ್‌ಬುಕ್‌ನಲ್ಲಿ 'ಫಾರ್ಮ್‌ವಿಲ್' ಬಂದಾಗ ಒಂದು ದೊಡ್ಡ ತಿರುವು ಆಯಿತು. ಅದು ಪರದೆಯ ಮೇಲಿನ ಬೇಸಾಯ. ಬಿತ್ತಿ ಇಷ್ಟು ಗಂಟೆಯಾದ ಮೇಲೆ ಬಂದು ಕೊಯ್ಯಬೇಕು. ತಡಮಾಡಿದರೆ ಬೆಳೆ ಒಣಗುತ್ತಿತ್ತು. ನಗರದ ನೌಕರರು ಅಲಾರಾಂ ಇಟ್ಟು ಎದ್ದು ಇಲ್ಲದ ಹೊಲದ ಇಲ್ಲದ ಬೆಳೆ ಕೊಯ್ಯತೊಡಗಿದರು. ನಿಜವಾದ ಹೊಲದ ಚಿಂತೆ ಗೊತ್ತಿರುವ ನಮ್ಮಂಥವರಿಗೆ ಇದು ನಗು ತರಿಸುವ ಸಂಗತಿಯೇ. ಆದರೆ ಒಳಗಿನ ಲೆಕ್ಕಾಚಾರ ನಗುವಂಥದ್ದಲ್ಲ. ಬೆಳೆ ಒಣಗುವ ಭಯವನ್ನೇ ಸರಕು ಮಾಡಿ ಆಟಗಾರನನ್ನು ವಾಪಸು ಕರೆಸುವ ಉಪಾಯ ಅದು. ಆ ಆಟ ತಂದ ಜಿಂಗಾ ಕಂಪನಿ 2010ರಲ್ಲಿ ಬೆಂಗಳೂರಿನಲ್ಲೂ ಕಚೇರಿ ತೆರೆಯಿತು.

2012ರಲ್ಲಿ ಬಂದ 'ಕ್ಯಾಂಡಿ ಕ್ರಷ್' ಐದು ಜೀವ ಕೊಟ್ಟು, ಕಳೆದುಕೊಂಡ ಒಂದೊಂದು ಜೀವ ಮರಳಲು ಅರ್ಧ ಗಂಟೆ ಕಾಯಿಸಿತು. ಕಾಯಲಾರದವನು ಕಾಸು ಕೊಡಬಹುದು. ಆಟ ಉಚಿತ, ತಾಳ್ಮೆಗೆ ಮಾತ್ರ ಬೆಲೆ. 2016ರಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ ಹಳ್ಳಿಯ ಕಟ್ಟೆಯೂ ಈ ಮಾರುಕಟ್ಟೆಯೊಳಗೆ ಸೇರಿತು. 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಪಬ್‌ಜಿ ಮೊಬೈಲನ್ನು ನಿಷೇಧಿಸಿದಾಗ ಬೇಸರ ಮಾಡಿಕೊಂಡವರಲ್ಲಿ ಶಾಲೆ ಹುಡುಗರಷ್ಟೇ ಅಲ್ಲ, ಗಾರ್ಮೆಂಟ್ಸ್, ಡೆಲಿವರಿ ಕೆಲಸದ ಹುಡುಗರೂ ಇದ್ದರು. ಮರುವರ್ಷವೇ ಅದು ಬೇರೆ ಹೆಸರಿನಲ್ಲಿ ವಾಪಸು ಬಂತು.

ಇದಕ್ಕಿಂತ ಗಂಭೀರವಾದದ್ದು ಕಾಸಿನ ಆಟ. 1968ರಲ್ಲೇ ಸುಪ್ರೀಂ ಕೋರ್ಟ್ ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟ ಎಂದಿತ್ತು. ಆ ತೀರ್ಪಿನ ಕಾಲದಲ್ಲಿ ರಮ್ಮಿ ಎಂದರೆ ಕ್ಲಬ್ಬಿನ ಒಂದು ಮೇಜು, ಸುತ್ತ ಪರಿಚಯದ ನಾಲ್ಕು ಮುಖ. ಮೊಬೈಲಿನ ರಮ್ಮಿಗೆ ಬಾಗಿಲು ಮುಚ್ಚುವ ಹೊತ್ತಿಲ್ಲ, "ಸಾಕು ಏಳಯ್ಯ" ಅನ್ನುವವರಿಲ್ಲ. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಆನ್‌ಲೈನ್ ಬಾಜಿಯನ್ನು ನಿಷೇಧಿಸಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಅಂಶಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾಯ್ದೆ ಮಾಡಿ, ಕೌಶಲವೋ ಅದೃಷ್ಟವೋ ಎಂಬ ಭೇದವಿಲ್ಲದೆ ಆನ್‌ಲೈನ್ ಹಣದ ಆಟಗಳನ್ನು ನಿಷೇಧಿಸಿತು. ಹಣ ಕಟ್ಟದ ಆಟಗಳನ್ನು ಅದು ಬೇರೆಯಾಗಿಯೇ ನೋಡಿದೆ.

ಕಾಸಿಲ್ಲದ ಆಟವೂ ಕೈಮೀರಬಹುದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಗೇಮಿಂಗ್ ಸಮಸ್ಯೆಯನ್ನು ರೋಗಗಳ ಪಟ್ಟಿಗೆ ಸೇರಿಸಿತು. ಅದಕ್ಕೂ ಮೊದಲೇ, 2014ರಲ್ಲಿ, ಬೆಂಗಳೂರಿನ ನಿಮ್ಹಾನ್ಸ್ 'ಶಟ್' ಎಂಬ ಕ್ಲಿನಿಕ್ ತೆರೆದಿತ್ತು. ರೋಗ ಎನ್ನುವುದಕ್ಕೆ ಸಂಸ್ಥೆ ಇಟ್ಟಿರುವ ಅಳತೆ ದಿನಕ್ಕೆ ಇಷ್ಟು ಗಂಟೆ ಎಂದಲ್ಲ. ಆಟದ ಮೇಲೆ ಹಿಡಿತ ತಪ್ಪಿರಬೇಕು, ಬೇರೆಲ್ಲ ಕೆಲಸಕ್ಕಿಂತ ಆಟವೇ ಮುಂದಾಗಿರಬೇಕು, ಬದುಕು ಕೆಡುತ್ತಿದೆ ಎಂದು ಕಂಡ ಮೇಲೂ ಬಿಡಲಾಗದಿರಬೇಕು. ದಿನಕ್ಕೆ ಅರ್ಧ ಗಂಟೆ ಆಡಿ ಮಲಗುವವನನ್ನು ರೋಗಿ ಎನ್ನುವುದು ತಪ್ಪು.

ಯಾರ ಬಿಡುವು?

ಇನ್ನು "ನನ್ನ ಟೈಮು, ನನ್ನಿಷ್ಟ" ಎಂಬ ಮಾತು. 2019ರಲ್ಲಿ ಕೇಂದ್ರ ಸರ್ಕಾರ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಒಂದು ಲೆಕ್ಕ ಇಲ್ಲಿ ಹೇಳಲೇಬೇಕು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಗದ್ದೆಯಿಂದಲೋ ಗಾರ್ಮೆಂಟ್ಸ್‌ನಿಂದಲೋ ಇಬ್ಬರೂ ಒಟ್ಟಿಗೆ ಮನೆಗೆ ಬಂದಿರುತ್ತಾರೆ. ಒಬ್ಬನು ಮೊಬೈಲ್ ಹಿಡಿದು ಮಂಚಕ್ಕೆ ಒರಗುತ್ತಾನೆ, ಇನ್ನೊಬ್ಬಳು ಒಲೆ ಮುಂದೆ ನಿಲ್ಲುತ್ತಾಳೆ. ಅವನು ಆಡುತ್ತಿರುವ ಹೊತ್ತಿನಲ್ಲಿ ಅವಳ ಪಾಲೂ ಇದೆ. ಮಳೆಗಾಲದ ಚೆನ್ನೆಮಣೆಯ ಮುಂದೆ ಹೆಂಗಸರಿಗೆ ಸಿಗುತ್ತಿದ್ದ ಆ ಕೆಲವು ವಾರಗಳ ಬಿಡುವೂ ಇವತ್ತು ಬಹಳ ಮನೆಗಳಲ್ಲಿ ಇಲ್ಲ. "ನಾಚಿಕೆ ಆಗಲ್ವಾ" ಎಂದು ಹೆಂಡತಿ ಕೇಳಿದಾಗ ಅವಳ ಸಿಟ್ಟು ಆಟದ ಮೇಲೆ ಇದೆಯೋ, ತನಗಿಲ್ಲದ ಬಿಡುವಿನ ಮೇಲೆ ಇದೆಯೋ ಎಂದು ಒಮ್ಮೆ ವಿಚಾರಿಸುವುದು ಒಳ್ಳೆಯದು.

ದುಡಿಯುವವರು ವಿಡಿಯೊ ಗೇಮ್ ಆಡಬೇಕೇ ಎಂದು ಕೇಳಿದರೆ ನಮ್ಮ ಉತ್ತರ, ಆಡಲಿ. ದುಡಿದವರ ಆಟಕ್ಕೆ ಈ ನಾಡಿನಲ್ಲಿ ಹಳೆಯ ಮರ್ಯಾದೆ ಇದೆ, ಬಿಡುವಿನ ಹಕ್ಕಿಗೆ ಹೋರಾಟದ ಬಲ ಇದೆ. ಆದರೆ ಹಿಂದೆ ಊರು, ಋತು, ಹಬ್ಬ ಸೇರಿ ಹಾಕುತ್ತಿದ್ದ ಬೇಲಿಯನ್ನು ಈಗ ಆಟ ಮಾರುವ ಕಂಪನಿ ಹಾಕುವುದಿಲ್ಲ. ಬೇಲಿ ಇಲ್ಲದಿದ್ದರೇ ಅವರಿಗೆ ಲಾಭ. ಆದ್ದರಿಂದ ಅದನ್ನು ನಾವೇ ಹಾಕಿಕೊಳ್ಳಬೇಕು. ಮುಗಿಯುವ ಆಟವನ್ನು ಆರಿಸಿಕೊಳ್ಳಬೇಕು, ಮುಗಿದಾಗ ಎದ್ದೇಳಬೇಕು. ಕಾಸು ಕಟ್ಟುವ ಆಟದ ತಂಟೆಗೇ ಹೋಗಬಾರದು. ಮನೆಯ ಇನ್ನೊಬ್ಬರ ಕೈಯಲ್ಲಿ ಕೆಲಸ ಉಳಿದಿರುವಾಗ ಮೊದಲು ಅದಕ್ಕೆ ಕೈಜೋಡಿಸಿ, ಆಮೇಲೆ ಇಬ್ಬರೂ ಕೂತು ಆಡಬಹುದು. ಮೊಬೈಲೇ ಆಗಬೇಕೆಂದಿಲ್ಲ. ಅಜ್ಜಿಯರ ಮನೆಯ ಅಟ್ಟದಲ್ಲಿ ಇನ್ನೂ ಎಷ್ಟೋ ಅಳಗುಳಿಮನೆಗಳು ಧೂಳು ತಿನ್ನುತ್ತಿವೆ. ನಿಮ್ಮ ಊರಿನಲ್ಲಿ ದೊಡ್ಡವರು ಯಾವ ಆಟವನ್ನು ಯಾವ ತಿಂಗಳಲ್ಲಿ ಆಡುತ್ತಿದ್ದರು, ಯಾವಾಗ ನಿಲ್ಲಿಸುತ್ತಿದ್ದರು ಎಂದು ಮನೆಯ ಹಿರಿಯರನ್ನು ಕೇಳಿ ಬರೆದಿಡಿ. ಹೇಳುವವರು ಇರುವಾಗಲೇ ಕೇಳಿಕೊಳ್ಳಬೇಕಾದ ಚರಿತ್ರೆ ಅದು.